ಚಳಿಗಾಲದ ಸೈಕಲ್ ಫೋಟೋ ಆಟಕ್ಕೆ ಫೋನ್, ಕ್ಯಾಮೆರಾ, ಗೋಪ್ರೋ: ಯಾವುದು ಸರಿ?

ಅಮೆರಿಕದ ಮಿನಿಯಾಪೊಲಿಸ್‌ನ ಜನವರಿಯಲ್ಲಿ ದಿನಕ್ಕೊಂದು ಸುಳಿವು ಹಿಡಿದು, ಸೈಕಲ್ಲಲ್ಲೇ ಹೋಗಿ ಅದರ ಫೋಟೋ ತೆಗೆದು ಬರುವ ಆಟಕ್ಕೆ ಏನು ಒಯ್ಯಲಿ ಅಂತ ಕೇಳಿದ್ದೀರಿ. ಮೊದಲು ಚಳಿ ನೋಡಿ. ಐಫೋನ್ ಬಳಸಲು ಆಪಲ್ ಹೇಳುವ ಕನಿಷ್ಠ ಮಿತಿಯೇ 0 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಕೆಳಗೆ ಚಾರ್ಜ್ ಇದ್ದರೂ ಪಟ್ ಅಂತ ಆಫ್ ಆಗಬಹುದು, ಹಾಗಾಗಿ ಜಾಕೆಟ್ಟಿನ ಒಳಜೇಬಲ್ಲಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಒಲಿಂಪಸ್ ಟಿಜಿ-6 ಥರದ ಗಟ್ಟಿ ಕ್ಯಾಮೆರಾ -10ರವರೆಗೆ ತಡೆಯುತ್ತದೆ. ಅದಕ್ಕಿಂತ ಮುಖ್ಯ, ಗ್ಲೌಸ್ ಹಾಕಿಕೊಂಡೇ ಬಟನ್ ಒತ್ತಬಹುದು. ಬೆರಳು ಮರಗಟ್ಟಿದರೆ ಆಟದ ಖುಷಿಯೇ ಹೋಗುತ್ತದೆ, ಅಲ್ವಾ?

ಗೋಪ್ರೋ ಅನ್ನುವ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಹ್ಯಾಂಡಲ್‌ಗೆ ಸಿಕ್ಕಿಸಿದರೆ ಓಡುವ ದಾರಿ ಚೆನ್ನಾಗಿ ಬರುತ್ತದೆ. ಆದರೆ ಅದರ ಅಗಲ ಲೆನ್ಸಿನಲ್ಲಿ ಬೇಲಿ ಮೇಲೆ ಕೂತ ಪುಟ್ಟ ಹಕ್ಕಿ ಚುಕ್ಕಿಯಾಗುತ್ತದೆ. ಸುಳಿವು ಇಂಥ ಸಣ್ಣ ವಸ್ತುಗಳದ್ದೇ ಆದರೆ ಸುಮ್ನೆ ದುಡ್ಡು ಹಾಕಬೇಡಿ.

ಖರ್ಚಿಲ್ಲದೆ ಆಗಬೇಕು, ಫೋಟೋ ತಕ್ಷಣ ಕಳಿಸಬೇಕು, ಆಫೀಸ್ ದಾರಿಯಲ್ಲೇ ಮುಗಿಯಬೇಕು ಅಂದರೆ ಫೋನ್ ಸಾಕು. ಅಲ್ಲಿನ ಮಿಡ್‌ಟೌನ್ ಗ್ರೀನ್‌ವೇ ಸೈಕಲ್ ದಾರಿಯ ಉದ್ದಕ್ಕೂ ತಾಸುಗಟ್ಟಲೆ ಹುಡುಕುವವರಾದರೆ ಕ್ಯಾಮೆರಾ ಒಳ್ಳೆಯದು, ಜೊತೆಗೊಂದು ಹೆಚ್ಚುವರಿ ಬ್ಯಾಟರಿ ಒಳಜೇಬಲ್ಲಿ. ಯಾವುದೇ ಒಯ್ಯಿರಿ, ಮನೆಯೊಳಗೆ ಕಾಲಿಡುವ ಮೊದಲೇ ಜಿಪ್ ಕವರ್‌ಗೆ ಹಾಕಿ ಮುಚ್ಚಿ. ತಣ್ಣಗಿದ್ದ ಲೆನ್ಸಿಗೆ ಬಿಸಿ ಗಾಳಿ ತಾಗಿದರೆ ನೀರು ಕೂರುತ್ತದೆ.