ಲಿನಕ್ಸ್ ತೋರಿಸೋಕೆ ಯಾವ ವಿಡಿಯೋ: ಸ್ಟುಡಿಯೋದ್ದಾ, ಸ್ಕ್ರೀನ್ ರೆಕಾರ್ಡಿಂಗಾ, ಗಲ್ಲಾ ಪಕ್ಕದ್ದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಲ್ಲಾ ಪಕ್ಕ ನಿಂತು ಮೊಬೈಲಿನಲ್ಲಿ ತೆಗೆದ ವಿಡಿಯೋಗೆ. ಅದಕ್ಕೆ ಖರ್ಚಾಗಿದ್ದು ಒಂದು ಸ್ಟ್ಯಾಂಡು, ಒಂದು ಕಾಲರ್ ಮೈಕು, ಎರಡೂ ಸೇರಿ 1,150 ರೂಪಾಯಿ. ಸ್ಟುಡಿಯೋದವರಿಗೆ ಕೊಟ್ಟಿದ್ದು 9,000. ಆ ಹೊಟ್ಟೆಯುರಿ ಇನ್ನೂ ಆರಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಗಿರಾಕಿಗಳು ಹೆಚ್ಚಾಗಿ ಮಂಡಿಪೇಟೆ, ಚೌಕಿಪೇಟೆ ಕಡೆಯ ವ್ಯಾಪಾರಿಗಳು, ಜೊತೆಗೆ ಎಪಿಎಂಸಿಯ ಒಂದಷ್ಟು ದಲಾಲಿ ಅಂಗಡಿಗಳು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಇವರ ಹತ್ತಿರ ಇರುವುದೆಲ್ಲ ಎಂಟು ಹತ್ತು ವರ್ಷದ ಡಬ್ಬಗಳು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಪ್ರೊಸೆಸರ್ ಇಂಟೆಲ್ ಆದರೆ 8ನೇ ಜನರೇಷನ್ನಿನಿಂದ ಮೇಲೆ ಬೇಕು. ಮಷಿನ್ ಚೆನ್ನಾಗೇ ಓಡುತ್ತಿದೆ, ಎಸೆಯೋಕೆ ಯಾರಿಗೂ ಮನಸ್ಸಿಲ್ಲ. ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್, ಅದರದೇ ಒಂದು ಬಗೆ ಮಿಂಟ್. ಲಿನಕ್ಸ್ ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಇದೆ, ಅದನ್ನೇ ಹಾಕಿಕೊಡೋಣ, ಒಂದು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದರೆ ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತುವುದಾದರೂ ತಪ್ಪುತ್ತದೆ ಅಂತ ಲೆಕ್ಕ ಹಾಕಿದೆ.

ಮೊದಲು ಸ್ಟುಡಿಯೋ. ಮದುವೆ ವಿಡಿಯೋ ಮಾಡುವ ಹುಡುಗರು, ಕೆಲಸದಲ್ಲಿ ಚುರುಕು. ಮೂರೂವರೆ ನಿಮಿಷದ ವಿಡಿಯೋ ಕೊಟ್ಟರು. ಅದರಲ್ಲಿ ಗಾಜಿನ ಮನೆಯ ಮೇಲೆ ಡ್ರೋನ್ ಹಾರಿತು, ಢಂ ಢಂ ಅಂತ ಮ್ಯೂಸಿಕ್ ಬಂತು, ಆಮೇಲೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಕುಣಿಯಿತು. 1996ರಲ್ಲಿ ಲ್ಯಾರಿ ಎವಿಂಗ್ ಬಿಡಿಸಿದ ಆ ಪೆಂಗ್ವಿನ್ ಮೇಲೆ ನನಗೆ ಪ್ರೀತಿಯೇನೋ ಇದೆ. ಆದರೆ ಮೆಣಸಿನಕಾಯಿ ವ್ಯಾಪಾರದ ಒಬ್ಬ ಸಾಹುಕಾರರು ನೋಡಿದವರೇ ‘ಇದ್ಯಾಕಪ್ಪಾ ಬಾತುಕೋಳಿ ಕುಣೀತೈತಿ?’ ಅಂದರು.

ಅದಾದರೂ ನಗೆಯಲ್ಲಿ ಹೋಯಿತು. ನಿಜವಾದ ಪೆಟ್ಟು ಬಿದ್ದಿದ್ದು ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದ್ದ ‘ಸಂಪೂರ್ಣ ಉಚಿತ’ ಅನ್ನುವ ಸಾಲಿಗೆ. ಅದೇ ಸಾಹುಕಾರರು, ‘ನಮ್ದೂ ಫ್ರೀನೇ ಐತಲ್ಲಪ್ಪಾ. ನೀನೇ ಪೆನ್‌ಡ್ರೈವ್ ತಂದು ಹಾಕಿಕೊಟ್ಟಿದ್ದು, ಮರೆತೇನು?’ ಅಂದರು. ಏನು ಹೇಳುವುದು? ಲೈಸೆನ್ಸ್ ದುಡ್ಡು ಕೊಟ್ಟೇ ಗೊತ್ತಿಲ್ಲದವರ ಮುಂದೆ ‘ಇದಕ್ಕೆ ಲೈಸೆನ್ಸ್ ದುಡ್ಡಿಲ್ಲ’ ಅಂತ ಡ್ರೋನ್ ಹಾರಿಸಿ ಹೇಳಿದ್ದೆ. ಹಳೆ ಪಾಪ ನನ್ನದೇ ಆದ್ದರಿಂದ ಸುಮ್ನೆ ಚಹಾ ಕುಡಿದು ಎದ್ದು ಬಂದೆ. ಆ ವಿಡಿಯೋ ನೋಡಿ ಫೋನ್ ಮಾಡಿದ್ದು ಇಬ್ಬರು, ಅದರಲ್ಲಿ ಒಬ್ಬರು ಡ್ರೋನ್ ಬಾಡಿಗೆ ಕೇಳಿದರು.

ಎರಡನೆಯದು ಸ್ಕ್ರೀನ್ ರೆಕಾರ್ಡಿಂಗ್. ಇದಕ್ಕೆ ಖರ್ಚು ಸೊನ್ನೆ. ಪರದೆ ರೆಕಾರ್ಡ್ ಮಾಡುವ ಓಬಿಎಸ್ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್ ಕೂಡ ಲಿನಕ್ಸಿನ ಹಾಗೆ ಓಪನ್ ಸೋರ್ಸೇ, ಮಿಂಟ್‌ನಲ್ಲಿ ಎರಡು ಕ್ಲಿಕ್ಕಿಗೆ ಕೂರುತ್ತದೆ. ಉಬುಂಟು ಅನ್ನುವ ಇನ್ನೊಂದು ಬಗೆಯ ಲಿನಕ್ಸಿನಲ್ಲಾದರೆ ಪರದೆ ಮೂಡಿಸುವ ವ್ಯವಸ್ಥೆ ವೇಲ್ಯಾಂಡ್ ಆಗಿರುವುದರಿಂದ ಓಬಿಎಸ್ಸಿನಲ್ಲಿ ಪೈಪ್‌ವೈರ್ ಅಂತ ಇರುವ ಆಯ್ಕೆಯನ್ನೇ ಹಿಡಿಯಬೇಕು, ಇಲ್ಲದಿದ್ದರೆ ಬರೀ ಕಪ್ಪು ಪರದೆ ಬರುತ್ತದೆ. ಇಷ್ಟೇ ತಾಪತ್ರಯ ಅಂದುಕೊಂಡೆ. ಬಿಲ್ ಮಾಡುವುದು, ಜಿಎಸ್‌ಟಿ ಪೋರ್ಟಲ್ ತೆರೆಯುವುದು, ಲಿಬ್ರೆ ಆಫೀಸ್‌ನಲ್ಲಿ ಹಳೆ ಎಕ್ಸೆಲ್ ಫೈಲ್ ತೆರೆಯುವುದು, ಎಲ್ಲವನ್ನೂ ಅಚ್ಚುಕಟ್ಟಾಗಿ ಹನ್ನೊಂದು ನಿಮಿಷ ರೆಕಾರ್ಡ್ ಮಾಡಿ ಯೂಟ್ಯೂಬಿಗೂ ಹಾಕಿದೆ, ವಾಟ್ಸಾಪಿಗೂ ಬಿಟ್ಟೆ.

ಒಂದಕ್ಷರ ಕಾಣಲ್ಲ.

ನನ್ನ ಮಾನಿಟರಿನಲ್ಲಿ ಚಕಚಕ ಅಂತಿತ್ತು. ನೋಡುವವರ ಕೈಯಲ್ಲಿ ಇರುವುದು ಮೊಬೈಲು, ಅದನ್ನೂ ಯಾರೂ ಅಡ್ಡ ಹಿಡಿಯುವುದಿಲ್ಲ. ಸ್ಕೇಲ್ ಇಟ್ಟು ಅಳೆದೆ. ಹದಿನೆಂಟೂವರೆ ಇಂಚಿನ ಮಾನಿಟರ್ ಅಗಲ ಸುಮಾರು 41 ಸೆಂಟಿಮೀಟರ್, ನೆಟ್ಟಗೆ ಹಿಡಿದ ಮೊಬೈಲಿನ ಪರದೆ 7 ಸೆಂಟಿಮೀಟರ್ ಕೂಡ ಬರಲ್ಲ. ಅಂದರೆ ಎಲ್ಲವೂ ಆರು ಪಟ್ಟು ಕುಗ್ಗುತ್ತದೆ. 3 ಮಿಲಿಮೀಟರ್ ಅಕ್ಷರ ಅರ್ಧ ಮಿಲಿಮೀಟರ್ ಆಯಿತು. ಅದರ ಮೇಲೆ ವಾಟ್ಸಾಪ್ ತನ್ನ ಪಾಲಿನ ಹಿಂಡಿಕೆ ಹಿಂಡುತ್ತದೆ. ‘ಎಚ್‌ಡಿ’ ಒತ್ತಿ ಕಳಿಸಿದರೂ ಒತ್ತಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ, ನಿಜ. ಆದರೆ ಗಿರಾಕಿ ಮುಂದೆ ನಿಂತಿರುವಾಗ ಡೌನ್‌ಲೋಡ್ ಮಾಡಿ ಯಾರು ನೋಡುತ್ತಾರೆ?

ಇದರ ಹಿಂದೆ ಎರಡು ಭಾನುವಾರ ಹಾಳು ಮಾಡಿಕೊಂಡೆ. ರೆಸಲ್ಯೂಷನ್ 1280x720ಕ್ಕೆ ಇಳಿಸಿದೆ, ಬ್ರೌಸರ್ ಝೂಮ್ 175ಕ್ಕೆ ಏರಿಸಿದೆ. ಸ್ವಲ್ಪ ಪರವಾಗಿಲ್ಲ ಅನ್ನಿಸಿತು, ಆದರೆ ಜಿಎಸ್‌ಟಿ ಪುಟದ ಅರ್ಧ ಭಾಗ ಪರದೆಯ ಆಚೆ ಹೋಯಿತು. ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿಯಲ್ಲಿ ಆಲ್ಟ್ ಒತ್ತಿ ಮೌಸ್ ಚಕ್ರ ತಿರುಗಿಸಿದರೆ ಡೆಸ್ಕ್‌ಟಾಪೇ ದೊಡ್ಡದಾಗುತ್ತದೆ, ಅದನ್ನೂ ಮಾಡಿದೆ. ಮೌಸ್ ಹೋದ ಕಡೆಗೆಲ್ಲ ಇಡೀ ಪರದೆ ಓಡಾಡುತ್ತದೆ, ನನ್ನ ಹೆಂಡತಿ ನೋಡಿ ‘ತಲೆ ತಿರುಗುತ್ತೆ ರೀ, ನಿಲ್ಸಿ’ ಅಂದಳು. ಕೊನೆಗೆ ಓಬಿಎಸ್ ಕ್ಯಾನ್ವಾಸನ್ನೇ 1080x1920, ಅಂದರೆ ನಿಂತ ಮೊಬೈಲಿನ ಆಕಾರಕ್ಕೆ ತಂದು, ಒಂದೊಂದು ವಿಡಿಯೋದಲ್ಲಿ ಒಂದೇ ಕೆಲಸ ತೋರಿಸಿದೆ. ಅಕ್ಷರ ಕಂಡವು. ಅಷ್ಟು ಹೊತ್ತಿಗೆ ಹನ್ನೊಂದು ನಿಮಿಷದ ವಿಡಿಯೋ ಒಂಬತ್ತು ತುಂಡಾಗಿತ್ತು, ಯಾವುದು ಮೊದಲು ನೋಡಬೇಕು ಅಂತ ಕೇಳೋಕೆ ಶುರು ಮಾಡಿದರು.

ಸ್ಕ್ರೀನ್ ರೆಕಾರ್ಡಿಂಗ್ ಕೆಟ್ಟದ್ದು ಅಂತ ಅಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಇದೇ ಥರದವು, ಕನ್ನಡದಲ್ಲೂ ಇವೆ. ಅರ್ಧ ಪರದೆಯಲ್ಲಿ ಪಾಠ, ಇನ್ನರ್ಧದಲ್ಲಿ ಕೈ ಕೆಲಸ, ಹಾಗೆ ಕಂಪ್ಯೂಟರ್ ಮುಂದೆ ಕೂತು ಕಲಿಯಲಿ ಅಂತ ಮಾಡಿದ್ದು. ಮಿಂಟ್ ಹಾಕಿಸಿಕೊಂಡ ಮೇಲೆ ಗುಮಾಸ್ತರಿಗೆ ಅವನ್ನೇ ತೋರಿಸುತ್ತೇನೆ. ಹಾಕಿಸಿಕೊಳ್ಳಬೇಕೋ ಬೇಡವೋ ಅಂತ ಯೋಚಿಸುವ ಮಾಲೀಕರಿಗೆ ಅವು ಹಿಡಿಸಲ್ಲ, ಅಷ್ಟೇ.

ರೀಲ್ಸ್ ಕೂಡ ಮಾಡಿದೆ. ಲೈಕ್ ಬಂತು, ಎಲ್ಲ ಇಂಜಿನಿಯರಿಂಗ್ ಹುಡುಗರದ್ದು.

ಈಗ ಗಲ್ಲಾ ಪಕ್ಕದ ವಿಡಿಯೋ. ಮಂಡಿಪೇಟೆಯಲ್ಲಿ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿ, ಅಲ್ಲಿ ಮಿಂಟ್ ಹಾಕಿ ನಾಲ್ಕು ತಿಂಗಳಾಗಿತ್ತು. ಮಾಲೀಕರನ್ನು ಕೇಳಿದೆ, ‘ಅಣ್ಣಾರೆ, ಎರಡು ನಿಮಿಷ ವಿಡಿಯೋ ತಗೊಳ್ಳಲಾ?’ ‘ನನ್ನ ಮುಖ ಬ್ಯಾಡ, ಅಂಗಡಿ ತಗೋ’ ಅಂದರು. ಸ್ಟ್ಯಾಂಡ್ ಇಟ್ಟೆ. ಸ್ವಿಚ್ ಒತ್ತುವುದರಿಂದ ಹಿಡಿದು ಬ್ರೌಸರಿನಲ್ಲಿ ಬಿಲ್ಲಿಂಗ್ ತೆರೆಯುವ ತನಕ ಕತ್ತರಿಸದೆ ತೋರಿಸಿದೆ. ಆ ಮಷಿನ್ನಿಗೆ ಎಸ್‌ಎಸ್‌ಡಿ ಹಾಕಿದ್ದರಿಂದ ಒಂದು ನಿಮಿಷವೂ ಹಿಡಿಯಲಿಲ್ಲ. ಗುಮಾಸ್ತ ಎರಡು ಮೂಟೆ ಸಕ್ಕರೆ, ಒಂದು ಡಬ್ಬ ಎಣ್ಣೆ ಅಂತ ಬಿಲ್ಲಿಗೆ ಟೈಪ್ ಮಾಡಿದ, ಪಕ್ಕದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರ್ರ್ ಕರ್ರ್ ಅಂತ ಬಿಲ್ ಉಗುಳಿತು, ಅವನು ಪರ್ರನೆ ಹರಿದು ಗಿರಾಕಿ ಕೈಗೆ ಕೊಟ್ಟ. ಅಷ್ಟೇ ವಿಡಿಯೋ. ಪರದೆಯ ಅಕ್ಷರ ಇದರಲ್ಲೂ ಕಾಣಲ್ಲ. ಆದರೆ ಯಾರೂ ಅದನ್ನು ಓದೋಕೆ ಹೋಗಲ್ಲ, ಪ್ರಿಂಟರ್ ಸದ್ದು ಕೇಳಿದರೆ ಸಾಕು. ನೋಡಿದವರು ಮೊದಲು ಕೇಳಿದ್ದು ‘ಅದು ಅವರ ಅಂಗಡೀನೇ ಅಲ್ವಾ?’ ಅಂತ.

ಮೊಬೈಲಿನಲ್ಲಿ ಮಾನಿಟರ್ ತೆಗೆದರೆ ಕಪ್ಪು ಪಟ್ಟಿ ಓಡುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿ, ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/50 ಇಟ್ಟೆ, ಬಹುಪಾಲು ಹೋಯಿತು. ಅಲೆ ಅಲೆ ಗೆರೆ ಬಂದರೆ ಮೊಬೈಲನ್ನು ಚೂರು ಓರೆ ಮಾಡಿ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕೊನೆಯ ಇಪ್ಪತ್ತು ಸೆಕೆಂಡು, ಅದರಲ್ಲಿ ಆಗದೇ ಇರುವುದನ್ನೂ ಹೇಳಿದೆ. ಏಕೆಂದರೆ ಪ್ರತಿಯೊಬ್ಬರ ಮೊದಲ ಪ್ರಶ್ನೆಯೂ ‘ಟ್ಯಾಲಿ ಓಡ್ತೈತಾ?’ ಎಂಬುದೇ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ವಿಂಡೋಸಿಗೆ ಮಾಡಿದ್ದು. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸಿನಲ್ಲಿ ಓಡಿಸುವ ‘ವೈನ್’ ಹಾಕಿ ಸರ್ಕಸ್ ಮಾಡಬಹುದು, ಮಾರ್ಚ್ ಕೊನೆಯಲ್ಲಿ ಕೈ ಕೊಟ್ಟರೆ ನನ್ನ ಕುತ್ತಿಗೆಗೆ ಬರುತ್ತದೆ. ಆದ್ದರಿಂದ ಟ್ಯಾಲಿ ಇರುವ ಒಂದು ಮಷಿನ್ ಹಾಗೇ ಇರಲಿ, ಬಿಲ್ಲಿಂಗ್, ಈ-ವೇ ಬಿಲ್, ಮೇಲ್ ನೋಡುವ ಉಳಿದವಕ್ಕೆ ಮಿಂಟ್ ಹಾಕಿಸಿ ಎಂದೆ. ಜಿಎಸ್‌ಟಿಗೆ ಸ್ವಂತ ಹೆಸರಿನ ಅಂಗಡಿಯಾದರೆ ಓಟಿಪಿಯಲ್ಲೇ ಸಹಿ ಮುಗಿಯುತ್ತದೆ. ಕಂಪನಿ, ಎಲ್‌ಎಲ್‌ಪಿಗಳಿಗೆ ಡಿಜಿಟಲ್ ಸಹಿಯ ಟೋಕನ್ ಬೇಕು, ಆ ಕೆಲಸವೂ ವಿಂಡೋಸ್ ಮಷಿನ್ನಿನಲ್ಲೇ ಆಗಲಿ. ಸ್ಟುಡಿಯೋ ವಿಡಿಯೋದಲ್ಲಿ ಇದನ್ನೆಲ್ಲ ಮುಚ್ಚಿಟ್ಟಿದ್ದೆ.

ನಿಮ್ಮದು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಮಾರುವ ವ್ಯವಹಾರವಾದರೆ ಸ್ಟುಡಿಯೋ ವಿಡಿಯೋಗೂ ಬೆಲೆ ಇದ್ದೀತು. ನನಗೆ ಬೇಕಾಗಿರುವುದು ಈ ಊರಿನ, ಒಬ್ಬರಿಗೊಬ್ಬರು ಗೊತ್ತಿರುವ ಒಂದು ನಲವತ್ತು ಅಂಗಡಿ. ವಿಡಿಯೋವನ್ನು ಗ್ರೂಪಿಗೆ ಹಾಕುವುದಿಲ್ಲ, ಬೆಳಿಗ್ಗೆ ಹತ್ತರ ಒಳಗೆ ಒಬ್ಬೊಬ್ಬರಿಗೇ ಕಳಿಸುತ್ತೇನೆ, ವ್ಯಾಪಾರ ಶುರುವಾದ ಮೇಲೆ ಯಾರೂ ನೋಡಲ್ಲ. ಇಲ್ಲಿಯ ತನಕ ಹನ್ನೆರಡು ಮಷಿನ್ ಆಗಿವೆ, ಒಬ್ಬರು ಮಾತ್ರ ವಾಪಸ್ ವಿಂಡೋಸ್ ಹಾಕಿಸಿಕೊಂಡರು, ಅವರ ಹಳೆ ಲೇಸರ್ ಪ್ರಿಂಟರಿಗೆ ಡ್ರೈವರ್ ಹೊಂದಲಿಲ್ಲ.

ಮೊನ್ನೆ ಆ ವಿಡಿಯೋ ಯಾರಿಂದಲೋ ಯಾರಿಗೋ ಹೋಗಿ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಿಂದ ಫೋನ್ ಬಂತು. ಆಫೀಸಿನ ಮೂರು ಮಷಿನ್ ಮಾಡಿಕೊಡಬೇಕಂತೆ. ಮಾಡಿದ ಮೇಲೆ ಅಲ್ಲೇ ಒಂದು ವಿಡಿಯೋ ತೆಗೆಯುತ್ತೇನೆ ಅಂದಿದ್ದಕ್ಕೆ ಒಪ್ಪಿದ್ದಾರೆ. ಲಾರಿ ತೂಕ ಮಾಡುವ ವೇಬ್ರಿಜ್ ಕಂಪ್ಯೂಟರ್ ಮಾತ್ರ ಮುಟ್ಟಬೇಡ ಎಂದರು, ನಾನೂ ಮುಟ್ಟಲ್ಲ.