ಜಿಸಿಸಿಯ -ಎಂಎಂಡಿ, -ಎಂಪಿ: ಹೆಡರ್ ಪಟ್ಟಿ ಕೈಯಲ್ಲಿ ಬರೆಯೋದು ಇನ್ನು ಸಾಕು

ಸಿ ಪ್ರೋಗ್ರಾಂನ ಹಲವು ಫೈಲುಗಳು ಹಂಚಿಕೊಳ್ಳುವ ಹೆಡರ್‌ನಲ್ಲಿ ಒಂದು ಸ್ಟ್ರಕ್ಟ್‌ಗೆ ಹೊಸ ಫೀಲ್ಡ್ ಸೇರಿಸಿ, ಬದಲಾದದ್ದನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ಮೇಕ್ ಓಡಿಸುತ್ತೀರಿ. ಕೆಲವು ಫೈಲು ಮಾತ್ರ ಕಂಪೈಲ್ ಆಗುತ್ತವೆ, ಉಳಿದವು ಹಳೇ ಸೈಜನ್ನೇ ನಂಬಿಕೊಂಡಿರುತ್ತವೆ, ಲಿಂಕ್ ಸಲೀಸಾಗಿ ಮುಗಿಯುತ್ತದೆ, ಆಮೇಲೆ ಪ್ರೋಗ್ರಾಂ ಸಂಬಂಧವೇ ಇಲ್ಲದ ಜಾಗದಲ್ಲಿ ಬೀಳುತ್ತದೆ. ಮೇಕ್ ಕ್ಲೀನ್ ಕೊಟ್ಟರೆ ಎಲ್ಲ ಸರಿ. ಈ ಕಾಟ ಯಾರಿಗೆ ಗೊತ್ತಿಲ್ಲ ಹೇಳಿ?

ತಪ್ಪು ಮೇಕ್‌ದಲ್ಲ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಕಾಲದಿಂದಲೂ ಅದು ನೋಡುವುದು ಫೈಲಿನ ಟೈಮ್‌ಸ್ಟ್ಯಾಂಪ್. ಹೆಡರ್ ಸೇರಿಸುವ ಇನ್‌ಕ್ಲೂಡ್ ಸಾಲು ಓದುವ ಕೆಲಸ ಅದರದ್ದಲ್ಲ. ಅದನ್ನು ಹೇಗೂ ಓದುವ ಕಂಪೈಲರ್‌ನ ಕೈಯಲ್ಲೇ ಯಾವ ಫೈಲಿಗೆ ಯಾವ ಹೆಡರ್ ಬೇಕು ಅನ್ನುವ ಪಟ್ಟಿ ಬರೆಸಿದರೆ ಆಯ್ತಲ್ವಾ? ಜಿಸಿಸಿ ಕಂಪೈಲರ್‌ನ -ಎಂಎಂಡಿ ಫ್ಲ್ಯಾಗ್ ಮಾಡುವುದು ಅಷ್ಟೇ. ಕಂಪೈಲ್ ಆಗುವಾಗಲೇ ಪಕ್ಕದಲ್ಲೊಂದು .ಡಿ ಫೈಲು ಬರುತ್ತದೆ. ತೆರೆದು ನೋಡಿದರೆ ಒಳಗೆ ಸುಮ್ನೆ ಒಂದು ಮೇಕ್ ರೂಲ್, ಅಂದರೆ ಯಾವ ಫೈಲು ಯಾವುದರ ಮೇಲೆ ನಿಂತಿದೆ ಅನ್ನುವ ಸಾಲು:

ಪಾರ್ಸರ್.ಒ: ಪಾರ್ಸರ್.ಸಿ ಪಾರ್ಸರ್.ಎಚ್ ಟೋಕನ್.ಎಚ್

ಮೇಕ್‌ಫೈಲ್‌ನ ಕೊನೆಗೆ ಈ .ಡಿ ಫೈಲುಗಳನ್ನು ಇನ್‌ಕ್ಲೂಡ್ ಮಾಡಬೇಕು. ಇನ್‌ಕ್ಲೂಡ್ ಪದಕ್ಕೆ ಮೊದಲು ಒಂದು ಅಡ್ಡಗೆರೆ (-) ಹಾಕಿ, ಮರೀಬೇಡಿ. ಮೊದಲ ಸಲ ಆ ಫೈಲುಗಳೇ ಇರುವುದಿಲ್ಲ, ಅಡ್ಡಗೆರೆ ಇದ್ದರೆ ಮೇಕ್ ತಕರಾರು ಮಾಡುವುದಿಲ್ಲ. ಆಗ ಕಂಪೈಲ್ ಆಗಿ ಬರುವ .ಒ (ಆಬ್ಜೆಕ್ಟ್) ಫೈಲೂ ಇರುವುದಿಲ್ಲವಾದ್ದರಿಂದ ಎಲ್ಲವೂ ಹೇಗಿದ್ದರೂ ಕಂಪೈಲ್ ಆಗುತ್ತದೆ, ಪಟ್ಟಿ ಬೇಕಾಗುವುದು ಎರಡನೇ ಬಿಲ್ಡ್‌ನಿಂದ. ಈ ಪಟ್ಟಿಗಾಗಿ ಬಿಲ್ಡ್‌ಗೆ ಮುಂಚೆ ಮೇಕ್ ಡಿಪೆಂಡ್ ಅಂತ ಬೇರೆಯಾಗಿ ಓಡಿಸುತ್ತಿದ್ದ ಹಳೇ ಪದ್ಧತಿ ಈಗ ಯಾಕೆ ಬೇಕೋ ನನಗೆ ಅರ್ಥವಾಗುವುದಿಲ್ಲ. ಅದನ್ನು ಓಡಿಸೋಕೆ ಮರೆತರೆ ಮುಗೀತು.

-ಎಂಪಿ ಬಿಡಬೇಡಿ. ಅದಿಲ್ಲದೆ ಒಂದು ಹೆಡರ್ ಅಳಿಸಿದರೆ, ಹಳೇ .ಡಿ ಫೈಲು ಇನ್ನೂ ಅದನ್ನೇ ಕೇಳುತ್ತಿರುತ್ತದೆ, ಮೇಕ್ 'ಈ ಫೈಲಿಗೆ ರೂಲ್ ಇಲ್ಲ' ಅಂತ ಅಲ್ಲೇ ನಿಲ್ಲುತ್ತದೆ. -ಎಂಪಿ ಪ್ರತಿ ಹೆಡರ್‌ಗೂ ಒಂದು ಖಾಲಿ ರೂಲ್ ಬರೆದು ಆ ಜಗಳ ತಪ್ಪಿಸುತ್ತದೆ.

ಕೊರತೆ ಇಲ್ಲವಾ? ಇದೆ. ಬಿಲ್ಡ್ ನಡೆಯುವಾಗಲೇ ಹುಟ್ಟುವ ಹೆಡರ್ ಇದ್ದರೆ ಮೊದಲ ಬಿಲ್ಡ್‌ನಲ್ಲಿ ಇದು ಕೈಕೊಡುತ್ತದೆ. ಅದನ್ನು ಆರ್ಡರ್-ಓನ್ಲಿ (ಮೊದಲು ಹುಟ್ಟಿರಬೇಕು ಅಷ್ಟೇ, ಅದರ ಟೈಮ್‌ಸ್ಟ್ಯಾಂಪ್ ನೋಡಬೇಕಿಲ್ಲ) ಅಂತ ನೀವೇ ಬರೆಯಬೇಕು. ಇನ್ನೊಂದು, ಇದಕ್ಕಿಂತ ಜಾಸ್ತಿ ಕಣ್ಣಿಗೆ ಬೀಳದ್ದು: -ಎಂಎಂಡಿ ಸಿಸ್ಟಮ್ ಹೆಡರ್‌ಗಳನ್ನು ಬಿಟ್ಟುಬಿಡುತ್ತದೆ, -ಐಸಿಸ್ಟಮ್ ಫ್ಲ್ಯಾಗ್ ಮೂಲಕ ಸೇರಿಸಿದ ಹೊರಗಿನ ಲೈಬ್ರರಿಯೂ ಅದೇ ಲೆಕ್ಕಕ್ಕೆ ಬರುತ್ತದೆ. ಲೈಬ್ರರಿ ಅಪ್‌ಡೇಟ್ ಮಾಡಿದರೂ ಏನೂ ಕಂಪೈಲ್ ಆಗದಿದ್ದರೆ ಕಾರಣ ಇದೇ ಇರಬಹುದು. ಅಂಥ ಪ್ರಾಜೆಕ್ಟ್‌ಗೆ ಸಿಸ್ಟಮ್ ಹೆಡರ್‌ಗಳನ್ನೂ ಪಟ್ಟಿಗೆ ಸೇರಿಸುವ -ಎಂಡಿ ವಾಸಿ. ಕಂಪೈಲರ್ ಫ್ಲ್ಯಾಗ್ ಬದಲಿಸಿದ್ದು ಇವೆರಡಕ್ಕೂ ಗೊತ್ತಾಗುವುದಿಲ್ಲ. ಮೇಕ್‌ನಂಥದ್ದೇ ಇನ್ನೊಂದು ಸಾಧನವಾದ ನಿಂಜಾ ಕಮಾಂಡ್ ಸಾಲನ್ನೂ ನೆನಪಿಟ್ಟುಕೊಂಡು ಅದು ಬದಲಾದರೆ ಮತ್ತೆ ಕಂಪೈಲ್ ಮಾಡುತ್ತದೆ. ಮೇಕ್‌ನಲ್ಲೇ ಇರುವವರು ಆಬ್ಜೆಕ್ಟ್ ಫೈಲುಗಳನ್ನು ಮೇಕ್‌ಫೈಲ್ ಮೇಲೂ ಅವಲಂಬಿಸುವಂತೆ ಮಾಡಿಬಿಡಿ, ಫ್ಲ್ಯಾಗ್‌ಗಳನ್ನು ಅಲ್ಲೇ ಬರೆದಿಟ್ಟಿದ್ದರೆ ಕೆಲಸ ನಡೆಯುತ್ತದೆ.