ಗೋಡೆ ಕ್ಯಾಲೆಂಡರ್, ನೋಟ್‌ಬುಕ್, ಫೋನ್, ವಾಟ್ಸಾಪ್: ನಮ್ಮ ಮನೆಗೆ ಒಗ್ಗಿದ್ದು ಯಾವುದು?

ಕಳೆದ ವರ್ಷ ಮಾವನವರ ತಿಥಿ ಇನ್ನೇನು ತಪ್ಪಿಯೇ ಹೋಗುತ್ತಿತ್ತು. ತಪ್ಪು ನನ್ನದೇ.

ಮಾವ ತೀರಿಕೊಂಡದ್ದು ಭಾದ್ರಪದ ಶುದ್ಧ ದಶಮಿ. ಚೌತಿ ಆಗಿ ಆರು ದಿನಕ್ಕೆ. 2024ರಲ್ಲಿ ಅದು ಸೆಪ್ಟೆಂಬರ್ 13ಕ್ಕೆ ಬಂದಿತ್ತು. ಅವತ್ತು ಸಂಜೆ ಪಾತ್ರೆಯೆಲ್ಲ ತೊಳೆದಿಟ್ಟು ಕೂತಾಗ, ಮುಂದಿನ ವರ್ಷಕ್ಕೆ ಮರೆಯದಿರಲಿ ಅಂತ ಫೋನಿನ ಗೂಗಲ್ ಕ್ಯಾಲೆಂಡರಿನಲ್ಲಿ ‘ಪ್ರತಿ ವರ್ಷ’ ಅಂತ ಒತ್ತಿ ಹಾಕಿಬಿಟ್ಟೆ. 2025ರ ಸೆಪ್ಟೆಂಬರ್ 13 ಶನಿವಾರ. ರಜೆ ಹಾಕುವ ತಾಪತ್ರಯವೂ ಇಲ್ಲ ಅಂತ ನಾನೂ ನಮ್ಮವರೂ ನಿಶ್ಚಿಂತೆಯಾಗಿದ್ದೆವು. ಆಗಸ್ಟ್ 31ರ ಭಾನುವಾರ ಸಂಜೆ ಅತ್ತೆ ಗೋಡೆಯ ಕ್ಯಾಲೆಂಡರಿನ ಮುಂದೆ ಕನ್ನಡಕ ಏರಿಸಿಕೊಂಡು ನಿಂತು, “ದಶಮಿ ನಾಡಿದ್ದು ಮಂಗಳವಾರವೇ ಬಂತಲ್ಲೇ, ಭಟ್ಟರಿಗೆ ಹೇಳಿದ್ಯಾ?” ಅಂದರು.

ನನಗೆ ಕೈಕಾಲೇ ಆಡಲಿಲ್ಲ. ನಮ್ಮ ಭಟ್ಟರು ಅವತ್ತಿಗೆ ಬೇರೆ ಕಡೆ ಒಪ್ಪಿಕೊಂಡಾಗಿತ್ತು. ಪುಣ್ಯಕ್ಕೆ ಅವರೇ ಇನ್ನೊಬ್ಬರನ್ನು ಗೊತ್ತು ಮಾಡಿಕೊಟ್ಟರು. ಸೋಮವಾರ ಒಂದೇ ದಿನದಲ್ಲಿ ಬಾಳೆಲೆ, ದರ್ಭೆ, ಕರಿ ಎಳ್ಳು, ಅಡುಗೆಯವರು ಅಂತ ಇಡೀ ಶಿವಮೊಗ್ಗ ಸುತ್ತಿದ್ದಾಯಿತು. ಬೆಂಗಳೂರಿನಿಂದ ನಾದಿನಿ ರಾತ್ರಿ ಬಸ್ಸು ಹತ್ತಿ ಬಂದಳು. ತಿಥಿ ಆಯಿತು. ಆದರೆ ಅತ್ತೆ ಎರಡು ದಿನ ನನ್ನ ಫೋನನ್ನು ನೋಡುತ್ತಿದ್ದ ರೀತಿ ಇದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ.

ಎರಡು ವರ್ಷದಿಂದ ನಮ್ಮ ಮನೆಯಲ್ಲಿ ನಾಲ್ಕು ಕಡೆ ಲೆಕ್ಕ ನಡೆಯುತ್ತಿದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರ್, ನನ್ನದೊಂದು ನೋಟ್‌ಬುಕ್, ಫೋನಿನ ಕ್ಯಾಲೆಂಡರ್, ‘ಮನೆ ಕೆಲಸ’ ಅನ್ನೋ ವಾಟ್ಸಾಪ್ ಗುಂಪು. ಮನೆಯಲ್ಲಿ ಐದು ಜನ: ಅತ್ತೆ, ನಾವಿಬ್ಬರು, ಒಂಬತ್ತನೇ ಕ್ಲಾಸಿನ ಮಗಳು, ಐದನೇ ಕ್ಲಾಸಿನ ಮಗ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಯಾವುದು ಕೆಲಸಕ್ಕೆ ಬಂತು, ಯಾವುದು ಕೈಕೊಟ್ಟಿತು ಅಂತ ಇಲ್ಲಿ ಹೇಳುತ್ತೇನೆ. ಐದನೆಯದೂ ಒಂದಿತ್ತು. 450 ರೂಪಾಯಿ ಕೊಟ್ಟು ತಂದ ಚೆಂದದ ಪ್ಲಾನರ್. ದಿನಾ ‘ಇವತ್ತಿನ ಗುರಿ’, ‘ಇವತ್ತಿನ ಮೂಡ್’ ಅಂತ ಕೇಳುತ್ತಿತ್ತು. ನುಗ್ಗೆಕಾಯಿ ತರಬೇಕು ಅನ್ನೋದನ್ನು ಗುರಿ ಅಂತ ಬರೆಯೋದಾ? ಫೆಬ್ರವರಿ ಹೊತ್ತಿಗೆ ಅದು ಮಗಳ ಚಿತ್ರ ಬಿಡಿಸುವ ಪುಸ್ತಕವಾಗಿತ್ತು.

ಮೊದಲು ಫೋನಿನ ವಿಷಯ ಮುಗಿಸುತ್ತೇನೆ, ಯಾಕೆಂದರೆ ಅದನ್ನು ಬೈದುಕೊಂಡೇ ಶುರು ಮಾಡಿದ್ದೇನೆ. ಅದರದ್ದೇನೂ ತಪ್ಪಿಲ್ಲ. ಚಂದ್ರನ ಲೆಕ್ಕದ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ನಮ್ಮ ಹಬ್ಬ, ತಿಥಿಗಳೆಲ್ಲ ವರ್ಷ ವರ್ಷ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ಮಧ್ಯೆ ಅಧಿಕ ಮಾಸ ಬಂದ ವರ್ಷ ಒಂದೇ ಸಲ ಮುಂದಕ್ಕೆ ಜಿಗಿಯುತ್ತವೆ. ಚೌತಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಸೆಪ್ಟೆಂಬರ್ 14. ‘ಪ್ರತಿ ವರ್ಷ’ ಅಂತ ಒತ್ತಿದರೆ ಫೋನಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು?

ಆದರೆ ತಾರೀಖಿನ ಮೇಲೆ ನಡೆಯುವ ಕೆಲಸಕ್ಕೆ ಫೋನನ್ನು ಮೀರಿಸುವುದು ಯಾವುದೂ ಇಲ್ಲ. ಸ್ಕೂಟರಿನ ಇನ್ಶೂರೆನ್ಸ್, ಹೊಗೆ ತಪಾಸಣೆ, ಎಲ್‌ಐಸಿ ಕಂತು, ಶಾಲೆ ಫೀಸು. ಮನೆ ಕಂದಾಯ ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಹಿಂದೆ ಮೂರು ವರ್ಷ ಅದನ್ನು ಸುಮ್ನೆ ಕಳೆದುಕೊಂಡಿದ್ದೆವು. ಈಗ ಏಪ್ರಿಲ್ 5ಕ್ಕೊಮ್ಮೆ, 20ಕ್ಕೊಮ್ಮೆ ಫೋನು ಕೂಗುತ್ತದೆ. ಎರಡು ವರ್ಷವೂ ತಪ್ಪಿಲ್ಲ. ಒಂದೇ ಕಷ್ಟ: ಕೂಗಿದ್ದು ಯಾರಿಗೆ ಕೇಳಬೇಕೋ ಅವರಿಗೆ ಕೇಳುವುದಿಲ್ಲ. ಮನೆಯವರ ಫೋನಿಗೂ ಕ್ಯಾಲೆಂಡರ್ ಹಂಚಿಕೊಂಡಿದ್ದೇನೆ. ಅವರು ಕ್ರಿಕೆಟ್ ನೋಡುತ್ತಾ ಒಂದೇ ಬೆರಳಲ್ಲಿ ಅದನ್ನು ಪಕ್ಕಕ್ಕೆ ತಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ಅತ್ತೆಗಂತೂ ಅದರೊಳಗೆ ಏನಿದೆ ಅಂತಲೇ ಗೊತ್ತಿಲ್ಲ.

ಗೋಡೆ ಕ್ಯಾಲೆಂಡರಿನ ಬಲ ಇರುವುದೇ ಅಲ್ಲಿ. ಅದನ್ನು ಯಾರೂ ತೆರೆಯಬೇಕಾಗಿಲ್ಲ. ನೀರು ಕುಡಿಯಲು ಬಂದವರ ಕಣ್ಣಿಗೆ ತಾನಾಗಿ ಬೀಳುತ್ತದೆ. ನಮ್ಮಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಅತ್ತೆಯ ಹತ್ತಿರ ಒಂಟಿಕೊಪ್ಪಲ್ ಪಂಚಾಂಗವೂ ಇದೆ, ಆದರೆ ದಿನದ ವ್ಯವಹಾರವೆಲ್ಲ ಗೋಡೆಯ ಮೇಲೇ. ಒಂದು ಪೆನ್ನನ್ನು ದಾರ ಕಟ್ಟಿ ಅದೇ ಮೊಳೆಗೆ ನೇತುಹಾಕಿದ್ದಾರೆ. ಹಾಲು ಅರ್ಧ ಲೀಟರ್ ಜಾಸ್ತಿ ತಗೊಂಡ ದಿನಕ್ಕೆ ಒಂದು ಚುಕ್ಕಿ, ಹಾಲು ಬೇಡ ಅಂದ ದಿನಕ್ಕೆ ಅಡ್ಡಗೆರೆ. ಸಿಲಿಂಡರ್ ಹಚ್ಚಿದ ದಿನ ‘ಗ್ಯಾ’ ಅಂತ. ಎರಡು ‘ಗ್ಯಾ’ ನಡುವೆ ನಮಗೆ ಸಾಮಾನ್ಯವಾಗಿ 40 ದಿನ. ಮಕ್ಕಳಿಗೆ ಬೇಸಿಗೆ ರಜೆ ಬಂದರೆ 33. ಹೀಗೆ ಅಂತ ನನಗೆ ಗೊತ್ತಾಗಿದ್ದು ಅತ್ತೆಯ ‘ಗ್ಯಾ’ಗಳನ್ನು ಎಣಿಸಿ ನೋಡಿದ ಮೇಲೇ.

ಇನ್ನೊಂದು ಲಾಭ, ತಿಥಿಯೂ ತಾರೀಖೂ ಒಂದೇ ಚೌಕದಲ್ಲಿ ಅಚ್ಚಾಗಿರುತ್ತದೆ. ಮಗಳ ಪರೀಕ್ಷೆ, ನವರಾತ್ರಿ, ಸಂಬಂಧಿಕರ ಮದುವೆ ಮೂರೂ ಒಂದೇ ವಾರದಲ್ಲಿ ಬಂದು ಬಿದ್ದಿವೆ ಅಂತ ಅದು ಒಂದೇ ನೋಟಕ್ಕೆ ತೋರಿಸುತ್ತದೆ. ಮಳೆ ನಕ್ಷತ್ರಗಳೂ ಇರುತ್ತವೆ. ಭರಣಿ, ಕೃತ್ತಿಕೆ, ರೋಹಿಣಿ ಅಂತ. ತಮಾಷೆ ಏನೆಂದರೆ ಈ ಮಳೆಗಳು ಸೂರ್ಯನ ಲೆಕ್ಕದವು. ಭರಣಿ ಏಪ್ರಿಲ್ 27ರ ಸುಮಾರಿಗೆ, ಕೃತ್ತಿಕೆ ಮೇ 11, ರೋಹಿಣಿ ಮೇ 25, ಮೃಗಶಿರ ಜೂನ್ 8, ಆರಿದ್ರಾ ಜೂನ್ 22. ಪ್ರತಿ ವರ್ಷ ಅಷ್ಟೇ, ಹೆಚ್ಚೆಂದರೆ ಒಂದು ದಿನ ಆಚೀಚೆ. ಅಂದರೆ ಚೌತಿಯನ್ನು ಫೋನಿಗೆ ನಂಬಿ ಕೊಡುವ ಹಾಗಿಲ್ಲ, ಆದರೆ ಆರಿದ್ರಾ ಮಳೆಯನ್ನು ಧೈರ್ಯವಾಗಿ ಕೊಡಬಹುದು! ಅತ್ತೆಗೆ ಇದನ್ನು ಹೇಳಿದಾಗ ಮೊದಲ ಸಲ ಫೋನಿನ ಬಗ್ಗೆ ಸ್ವಲ್ಪ ಗೌರವ ಬಂತು.

ಕ್ಯಾಲೆಂಡರಿನ ದೋಷ ಏನು ಗೊತ್ತಾ? ಅದಕ್ಕೆ ನೆನಪಿಲ್ಲ. ತಿಂಗಳು ಮುಗಿದರೆ ಹಾಳೆ ಹರಿಯುತ್ತದೆ, ಅದರ ಜೊತೆ ಬರೆದದ್ದೆಲ್ಲ ಹೋಗುತ್ತದೆ. 2025ರ ಮಾರ್ಚಿನಲ್ಲಿ ಉಪ್ಪಿನಕಾಯಿಗೆ ಮಿಡಿ ತರಬೇಕಿತ್ತು. ಹಿಂದಿನ ವರ್ಷ ಎಷ್ಟು ತಂದಿದ್ದೆವು, ಯಾವಾಗ ತಂದಿದ್ದೆವು, ಯಾರಿಗೂ ನೆನಪಿಲ್ಲ. ಅತ್ತೆ 400 ಅಂದರು, ಇವರು 200 ಅಂದರು. ಅತ್ತೆ ಬರೆದಿಟ್ಟದ್ದು ಖಂಡಿತ, ಆದರೆ 2024ರ ಏಪ್ರಿಲ್ ಹಾಳೆ ಎಲ್ಲಿ? ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಮಗನ ಗಣಿತ ಪುಸ್ತಕದ ಮೇಲೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಅದರಲ್ಲೇ ಬೈಂಡ್ ಹಾಕಿದ್ದೆವು, ತಾರೀಖಿನ ಬದಿ ಒಳಗೆ ಬರುವ ಹಾಗೆ. ಬೈಂಡ್ ಬಿಚ್ಚಿ ನೋಡಿದರೆ 6ನೇ ತಾರೀಖಿನ ಚೌಕದಲ್ಲಿ ಅತ್ತೆಯ ದುಂಡಕ್ಷರ: ‘ಮಿಡಿ 300, ರಿಪ್ಪನ್‌ಪೇಟೆ. ಸ್ವಲ್ಪ ಬಲಿತಿದೆ.’

ಆ ‘ಸ್ವಲ್ಪ ಬಲಿತಿದೆ’ ಅನ್ನೋ ಎರಡು ಪದಕ್ಕೆ ನನಗೆ ಲಕ್ಷ ರೂಪಾಯಿ ಬೆಲೆ ಅನ್ನಿಸಿತು. ಯಾಕೆಂದರೆ ಬಲಿತ ಮಿಡಿಯಲ್ಲಿ ಗೊರಟು ಗಟ್ಟಿಯಾಗಿರುತ್ತದೆ, ಉಪ್ಪಿನಲ್ಲಿ ಚೆನ್ನಾಗಿ ಮುರುಟುವುದಿಲ್ಲ. ಅಂದರೆ ಎರಡು ವಾರ ಮೊದಲೇ ಹೋಗಬೇಕಿತ್ತು. ಆ ಸಲ ಮಾರ್ಚ್ ಮೂರನೇ ವಾರವೇ ಹೋದೆವು. ಒಳ್ಳೆ ಎಳೆಯ ಅಪ್ಪೆಮಿಡಿ ತೊಟ್ಟು ಸಮೇತ ಸಿಕ್ಕಿತು.

ಅವತ್ತೇ ಸಂಜೆ 200 ಪುಟದ ಒಂದು ಲಾಂಗ್ ನೋಟ್‌ಬುಕ್ ತಂದೆ. ಮೊದಲು ಎಲ್ಲರಂತೆ ತಿಂಗಳ ಹೆಸರು ಹಾಕಿ ಪುಟ ಮಾಡಿದೆ. ಸರಿಹೋಗಲಿಲ್ಲ. ನಮ್ಮ ಕಡೆ ಬೇಸಿಗೆಯಿಂದ ಮಳೆಗಾಲಕ್ಕೆ ಹೋಗುವ ಎರಡು ತಿಂಗಳಲ್ಲಿ ಕೆಲಸ ಕಿಕ್ಕಿರಿದಿರುತ್ತದೆ. ‘ಮೇ’ ಅಂತ ಒಂದೇ ಪುಟದಲ್ಲಿ ಅದು ಹಿಡಿಸುವುದಿಲ್ಲ. ಅತ್ತೆಯೇ ಹೇಳಿದರು, “ಮಳೆ ಹೆಸರಲ್ಲಿ ಮಾಡು, ಹದಿಮೂರು ಹದಿನಾಲ್ಕು ದಿನಕ್ಕೊಂದು ಬರುತ್ತೆ.” ಹಾಗೇ ಮಾಡಿದೆ. ಮಳೆಗಾಲಕ್ಕೆ ಮಳೆ ಹೆಸರು, ಮಿಕ್ಕ ವರ್ಷಕ್ಕೆ ತಿಂಗಳ ಹೆಸರು. ನೋಡಲು ವಿಚಿತ್ರ, ಬಳಸಲು ಸುಲಭ.

ಭರಣಿ ಪುಟದ ಮೊದಲ ಸಾಲು: ‘ಭರಣಿ ಮಳೆ ಬರುವ ಹೊತ್ತಿಗೆ ಭರಣಿ ತುಂಬಿರಬೇಕು.’ ಇದು ಅತ್ತೆಯ ಜೋಕು. ಕೆಳಗೆ ಹಲಸಿನ ಹಪ್ಪಳದ ಲೆಕ್ಕ. 2025ರಲ್ಲಿ 150 ಹಪ್ಪಳ ಹಚ್ಚಿದೆವು. ಮೂರನೇ ದಿನ ಮಧ್ಯಾಹ್ನ ಗುಡುಗು ಮಳೆ ಬಂದು ಅರ್ಧ ನೆನೆಯಿತು. ಅದಕ್ಕೆ ಪಕ್ಕದಲ್ಲೇ ಕೆಂಪು ಪೆನ್ನಲ್ಲಿ: ‘ಎರಡೂವರೆಗೆ ಎತ್ತಿಬಿಡಬೇಕು. ಮೋಡ ಇಲ್ಲದಿದ್ದರೂ.’ ಸಾಬುದಾನಿ ಸಂಡಿಗೆ ಎರಡು ಕೇಜಿ ಮಾಡಿದ್ದು ಜಾಸ್ತಿಯಾಯಿತು, ದೀಪಾವಳಿ ಕಳೆದರೂ ಡಬ್ಬಿಯಲ್ಲಿ ಉಳಿದಿತ್ತು. ‘ಒಂದು ಸಾಕು.’ ಬಾಳಕದ ಮೆಣಸು ಮಾತ್ರ ಆಗಸ್ಟಿಗೇ ಖಾಲಿ. ‘ಡಬಲ್.’

ರೋಹಿಣಿ ಪುಟದಲ್ಲಿ ತಿನ್ನುವ ವಿಷಯ ಕಡಿಮೆ. ಟೆರೇಸಿನ ಪೈಪಿಗೆ ಸಿಕ್ಕಿದ ಎಲೆ ತೆಗೆಸುವುದು, ಇನ್ವರ್ಟರ್ ಬ್ಯಾಟರಿಗೆ ನೀರು, ಕಂಬಳಿ ಬಿಸಿಲಿಗೆ, ಕೊಡೆ ರಿಪೇರಿ. ಮಗನ ರೈನ್‌ಕೋಟಿನ ಸೈಜು ಕೂಡ ಬರೆದಿದ್ದೇನೆ. ಹಿಂದೆ ಪ್ರತಿ ವರ್ಷ ಶಾಲೆ ಶುರುವಾಗುವ ಹಿಂದಿನ ದಿನ ಅಂಗಡಿಗೆ ಓಡಿ, ಉಳಿದ ಬಣ್ಣ, ಉಳಿದ ಸೈಜು ತರುತ್ತಿದ್ದೆವು. ಒಂದು ವರ್ಷ ಪಾಪ, ಹುಡುಗ ಮೊಣಕಾಲಿಗಿಂತ ಕೆಳಗೆ ಇಳಿಯುವ ಗುಲಾಬಿ ಬಣ್ಣದ ಕೋಟು ಹಾಕಿಕೊಂಡು ಇಡೀ ಮಳೆಗಾಲ ಕಳೆದ.

ನೋಟ್‌ಬುಕ್ಕಿಗೂ ಒಂದು ಕೊರತೆ ಇದೆ. ಅದು ಕರೆಯುವುದಿಲ್ಲ. ನಾನು ತೆಗೆದು ನೋಡಿದರೆ ಮಾತ್ರ ಉಂಟು. ಕಳೆದ ಜುಲೈನಲ್ಲಿ ಆಫೀಸಿನ ಗಡಿಬಿಡಿಯಲ್ಲಿ ಮೂರು ವಾರ ಅದನ್ನು ಮುಟ್ಟಿರಲಿಲ್ಲ. ಪುನರ್ವಸು ಪುಟದಲ್ಲಿ ‘ಅಕ್ಕಿ ಡಬ್ಬಿಗೆ ಬೇವಿನ ಸೊಪ್ಪು’ ಅಂತ ಇತ್ತು. ಪುಟ ತೆರೆಯುವಾಗ ಹುಳು ಆಗಲೇ ಬಂದಾಗಿತ್ತು. ಅದಾದ ಮೇಲೆ ಫೋನಿನಲ್ಲಿ ಪ್ರತಿ ಮಳೆಯ ತಾರೀಖಿಗೆ ‘ನೋಟ್‌ಬುಕ್ ನೋಡು’ ಅಂತ ಒಂದೇ ಸಾಲು ಹಾಕಿದೆ. ಬೇರೇನೂ ಇಲ್ಲ, ಅಷ್ಟೇ. ಇವೆರಡನ್ನೂ ಜೋಡಿಸಿದ ಮೇಲೆ ಕೆಲಸ ಸಲೀಸಾಯಿತು.

ವಾಟ್ಸಾಪ್ ಗುಂಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಗ್ಯಾಸ್ ಬುಕ್ ಮಾಡಬೇಕು’ ಅಂತ ಹಾಕಿದೆ. ಮೂರು ಹೆಬ್ಬೆರಳು ಬಂದವು. ಯಾರೂ ಬುಕ್ ಮಾಡಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆ ಅಂದುಕೊಂಡಿದ್ದರು. ಮುಖ್ಯವಾದ ಮೆಸೇಜನ್ನು ಮೇಲೆ ಪಿನ್ ಮಾಡಿಡಬಹುದು, ಆದರೆ 30 ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಮಿಕ್ಕದ್ದೆಲ್ಲ ಅತ್ತೆಯ ಶುಭೋದಯದ ಹೂವುಗಳ ಕೆಳಗೆ ಮುಳುಗುತ್ತದೆ. ಒಂದಕ್ಕೆ ಮಾತ್ರ ಅದು ಚೆನ್ನಾಗಿದೆ: ಗಾಂಧಿ ಬಜಾರಿನಲ್ಲಿ ನಿಂತವರಿಗೆ ಮನೆಯಲ್ಲಿರುವವರು ಸಾಮಾನಿನ ಚೀಟಿಯ ಫೋಟೋ ಕಳಿಸಲು. ಇವತ್ತಿನ ಕೆಲಸಕ್ಕೆ ಸೈ, ಮುಂದಿನ ತಿಂಗಳ ಕೆಲಸಕ್ಕೆ ಅಲ್ಲ.

ಚೌತಿಯನ್ನೇ ತಗೊಳ್ಳಿ, ನಾಲ್ಕರಲ್ಲೂ ನಡೆಸಿ ನೋಡಿದ್ದೇನೆ. ದಿನ ಯಾವುದು ಅಂತ ಸರಿಯಾಗಿ ಹೇಳಿದ್ದು ಗೋಡೆ. ಎಷ್ಟು ತೆಂಗಿನಕಾಯಿ, ಎಷ್ಟು ಕಡುಬು, ಚಕ್ಕುಲಿ ಹಿಟ್ಟಿಗೆ ಎಷ್ಟು ಅಕ್ಕಿ, ಇದು ನೋಟ್‌ಬುಕ್ಕಿನ ಕೆಲಸ. ನಾದಿನಿಗೆ ಬಸ್ಸಿನ ಟಿಕೆಟ್ ಮಾಡಿಸು ಅಂತ ಮುಂಚೆಯೇ ನೆನಪಿಸಿದ್ದು ಫೋನು, ಆದರೆ ದಿನವನ್ನು ನಾನೇ ಕ್ಯಾಲೆಂಡರ್ ನೋಡಿ ಕೈಯಾರೆ ಹಾಕಿದ ಮೇಲೆ. ಗಣಪತಿ ತರಲು ಹೋದವರು “ಇದಾ, ಅದಾ?” ಅಂತ ಆರು ಫೋಟೋ ಕಳಿಸಿದ್ದು ವಾಟ್ಸಾಪಿನಲ್ಲಿ. ಒಂದನ್ನೇ ಇಟ್ಟುಕೊಳ್ಳಿ ಅಂತ ಯಾರಾದರೂ ಪಟ್ಟು ಹಿಡಿದರೆ ನಾನು ಗೋಡೆಯದನ್ನೇ ಇಟ್ಟುಕೊಳ್ಳುತ್ತೇನೆ. ಅದು ನನ್ನೊಬ್ಬಳದಲ್ಲ, ಇಡೀ ಮನೆಯದು. ಎರಡನೆಯದಕ್ಕೆ ಅವಕಾಶ ಇದ್ದರೆ ನೋಟ್‌ಬುಕ್. ಚಿಕ್ಕ ಸಂಸಾರ, ಇಬ್ಬರೇ, ಇಬ್ಬರ ಕೈಯಲ್ಲೂ ಸದಾ ಫೋನು ಅನ್ನುವವರಿಗೆ ಈ ಕ್ರಮ ಉಲ್ಟಾ ಆಗಬಹುದು. ನನ್ನ ತಂಗಿಯ ಮನೆಯಲ್ಲಿ ಗೋಡೆಗೆ ಮೊಳೆಯನ್ನೇ ಹೊಡೆಯುವ ಹಾಗಿಲ್ಲ, ಬಾಡಿಗೆ ಮನೆ. ಅವರು ಫೋನಿನಲ್ಲೇ ಆರಾಮವಾಗಿದ್ದಾರೆ.

2026ರ ಹೊಸ ಕ್ಯಾಲೆಂಡರ್ ಬಂದ ದಿನವೇ ಅತ್ತೆ ಭಾದ್ರಪದ ಶುದ್ಧ ದಶಮಿ ಹುಡುಕಿ ಸುತ್ತ ದೊಡ್ಡದಾಗಿ ಒಂದು ಸೊನ್ನೆ ಸುತ್ತಿದರು. ನಾನು ಪಕ್ಕದಲ್ಲೇ ನಿಂತು ಅದನ್ನು ಫೋನಿಗೆ ಹಾಕಿದೆ. ಈ ಸಲ ‘ಪ್ರತಿ ವರ್ಷ’ ಒತ್ತಲಿಲ್ಲ. ತಿಂಗಳ ಕೊನೆಗೆ ಹಾಳೆ ಹರಿಯುವ ಮುಂಚೆ ಈಗ ಅವರು ಒಳಗಿನಿಂದ ಕೂಗಿ ಕೇಳುತ್ತಾರೆ, “ಬರ್ಕೊಂಡ್ಯೇನೇ?” ಮಗ ಜೂನಿಗೆ ಬೈಂಡ್ ಹಾಕಲು ಬೇಕು ಅಂತ ಈಗಿನಿಂದಲೇ ಹಳೆ ಹಾಳೆಗಳಿಗೆ ಅರ್ಜಿ ಹಾಕಿದ್ದಾನೆ. ಮಾರ್ಚ್, ಏಪ್ರಿಲ್ ಬಿಟ್ಟು ಮಿಕ್ಕಿದ್ದು ಅವನಿಗೇ.